ದಿನದಿನದ ಪ್ರಾರ್ಥನೆ, ದಿನದಿನದ ಭರವಸ

(ತೋಟದ ಕೆಲಸಗಾರರ ಕುಟುಂಬ ಕೂಟದಲ್ಲಿ ಮಾಡಿದ ಪ್ರಸಂಗ)



ಈ ದಿನ ನಾವು ಧ್ಯಾನಿಸುವ ಮಾತು ಹೊಸದಲ್ಲ. ಕರ್ತನು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯು ನಮ್ಮ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿದೆ. ಅದರ ನಡುವೆ ದಿನದ ಆಹಾರಕ್ಕಾಗಿ ಬೇಡುವ ಒಂದು ಚಿಕ್ಕ ಬಿನ್ನಹವಿದೆ. ವರ್ಷದ ಆಹಾರವನ್ನಾಗಲಿ ತಿಂಗಳ ಆಹಾರವನ್ನಾಗಲಿ ಕೇಳಿರೆಂದು ಕರ್ತನು ಹೇಳಲಿಲ್ಲ. ದಿನಗೂಲಿಯಿಂದ ಬದುಕುವ ನಮಗೆ ಈ ಬಿನ್ನಹದ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಸ್ಟರಿನಲ್ಲಿ ಹೆಸರು ಬಿದ್ದ ದಿನಕ್ಕೆ ಕೂಲಿ, ಬೀಳದ ದಿನಕ್ಕೆ ಇಲ್ಲ. ಕರ್ತನು ಈ ಪ್ರಾರ್ಥನೆಯನ್ನು ನಮ್ಮಂಥವರ ಬಾಯಿಗೆ ತಕ್ಕಂತೆಯೇ ಕಲಿಸಿದ್ದಾನೆ.

ಇಸ್ರಾಯೇಲ್ಯರು ಅರಣ್ಯದಲ್ಲಿ ನಡೆದ ಕಾಲವನ್ನು ನೆನಸಿರಿ. ಐಗುಪ್ತದಲ್ಲಿ ಅವರು ಇಟ್ಟಿಗೆ ಮಾಡುವ ಬಿಟ್ಟಿ ಕೆಲಸಗಾರರಾಗಿದ್ದರು. ಹೊರಗೆ ಬಂದ ಮೇಲೆ ಊಟಕ್ಕೇನು ಎಂದು ಗುಣುಗುಟ್ಟಿದರು. ಆಗ ದೇವರು ಮನ್ನವನ್ನು ಕೊಟ್ಟನು. ಅದರ ಕ್ರಮವು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ತಲೆಗೆ ಒಂದು ಓಮೆರ್ ಅಳತೆಯಂತೆ ಬೆಳಿಗ್ಗೆ ಕೂಡಿಸಿಕೊಳ್ಳಬೇಕು. ಬಿಸಿಲೇರಿದರೆ ಅದು ಕರಗಿಹೋಗುವದು. ನಾಳೆಗಿರಲಿ ಎಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳು ಬಿತ್ತು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಆರನೆಯ ದಿನ ಎರಡು ದಿನಗಳಷ್ಟು ಸಿಕ್ಕಿತು. ಏಳನೆಯ ದಿನ ವಿಶ್ರಾಂತಿ. ಹೀಗೆ 40 ವರ್ಷ ನಡೆಯಿತು. ಒಂದೇ ಸಾರಿ ಕಣಜ ತುಂಬಿಸಿ ಕೊಡುವದು ದೇವರಿಗೆ ಕಷ್ಟವಾಗಿತ್ತೇ? ಇಲ್ಲ. ಆದರೆ ಕಣಜ ತುಂಬಿದ್ದರೆ ಅವರು ಕಣಜವನ್ನು ನಂಬುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಗುಡಾರದಿಂದ ಹೊರಗೆ ಬಂದು ಬೊಗ್ಗಿ ಕೂಡಿಸಬೇಕಾದುದರಿಂದ, ಕೊಡುವಾತನ ಮುಖವನ್ನು ಪ್ರತಿದಿನ ನೋಡುವವರಾದರು. ದಿನದಿನದ ಪ್ರಾರ್ಥನೆಯೂ ಅಂಥದೇ. ಪೋದ ವರ್ಷದ ಉಜ್ಜೀವನ ಕೂಟದಲ್ಲಿ ಕಣ್ಣೀರು ಸುರಿಸಿ ಮಾಡಿದ ಪ್ರಾರ್ಥನೆ ಈ ಹೊತ್ತಿನ ಹಸಿವಿಗೆ ಸಾಲದು.

ಆದರೆ ಯಾವಾಗ ಪ್ರಾರ್ಥಿಸುವದು ಎಂದು ನಮ್ಮ ತಾಯಂದಿರು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ನಸುಕಿನಲ್ಲಿ ಎದ್ದು ಒಲೆ ಹಚ್ಚಿ, ನೀರು ತಂದು, ಮಕ್ಕಳಿಗೆ ಬುತ್ತಿ ಕಟ್ಟಿ, ಕೈಕೂಸನ್ನು ಮಕ್ಕಳ ಕೋಣೆಯಲ್ಲಿ ಬಿಟ್ಟು ಮಸ್ಟರಿಗೆ ಓಡಬೇಕು. ಸಂಜೆಯ ತೂಕ ಮುಗಿದು ಲೈನಿಗೆ ಬರುವಾಗ ಕತ್ತಲು. ಬೆನ್ನು ನೆಟ್ಟಗಾಗುವದಿಲ್ಲ. ಅಂಥವರಿಗೆ ಒಂದು ತಾಸು ಮೊಣಕಾಲೂರಿರಿ ಎಂದು ಹೇಳುವದು ಮತ್ತೊಂದು ಹೊರೆ ಹೊರಿಸಿದಂತೆ.

ದೇವರ ವಾಕ್ಯವು ನಮಗೆ ಬೇರೆ ಬೇರೆ ಮಾದರಿಗಳನ್ನು ತೋರಿಸುತ್ತದೆ. ದಾನಿಯೇಲನು ದಿನಕ್ಕೆ ಮೂರಾವರ್ತಿ ಕಿಟಿಕಿಯ ಬಳಿ ಮೊಣಕಾಲೂರಿದನು. ಕರ್ತನು ಇನ್ನೂ ಮೊಬ್ಬಿರುವಾಗಲೇ ಎದ್ದು ಏಕಾಂತಕ್ಕೆ ಹೋದನು. ಆದರೆ ನೆಹೆಮೀಯನನ್ನೂ ನೋಡಿರಿ. ಅವನು ಅರಸನ ಪಾನದಾಯಕ, ಅಂದರೆ ಒಬ್ಬ ಸೇವಕ. ನಿನ್ನ ಮುಖ ಏಕೆ ಬಾಡಿದೆ ಎಂದು ಅರಸನು ಕೇಳಿ, ನಿನಗೇನು ಬೇಕು ಎಂದಾಗ, ಅವನು ಉತ್ತರ ಕೊಡುವ ಮೊದಲು ಮನಸ್ಸಿನಲ್ಲಿಯೇ ದೇವರನ್ನು ಬೇಡಿಕೊಂಡನು. ಕೈಯಲ್ಲಿ ಕೆಲಸವಿತ್ತು, ಎದುರಿಗೆ ದೊರೆಯಿದ್ದನು, ಸಮಯವಿರಲಿಲ್ಲ. ಆದರೂ ಅದು ಪ್ರಾರ್ಥನೆಯೇ, ದೇವರು ಅದನ್ನು ಕೇಳಿದನು. ಆದುದರಿಂದ ಒಲೆಗೆ ಕಡ್ಡಿ ಗೀರುವಾಗ ಒಂದು ಮಾತು, ಸಾಲು ಹಿಡಿದು ಎಲೆ ಕೀಳುವಾಗ ಒಂದು ಮಾತು, ತೂಕದ ಬಳಿ ನಿಂತಾಗ ಒಂದು ಮಾತು; ಇವೂ ದೇವರ ಸನ್ನಿಧಿಗೆ ಸೇರುತ್ತವೆ. ಆನೆ ಅಡ್ಡಾಡುವ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಯ ನಿಟ್ಟುಸಿರು ಕೂಡ ಪ್ರಾರ್ಥನೆಯಾಗಬಲ್ಲದು. ರಾತ್ರಿ ಮಾತ್ರ, ಊಟಕ್ಕೆ ಮೊದಲು, ಮನೆಯವರೆಲ್ಲರೂ ಐದು ನಿಮಿಷ ಕೂಡಿ ಕುಳಿತುಕೊಳ್ಳೋಣ. ಓದು ಬರುವ ಮಗ ಅಥವಾ ಮಗಳು ನಾಲ್ಕು ವಚನ ಓದಲಿ. ಶಾಲೆಯಲ್ಲಿ ತಮಿಳೋ ಮಲಯಾಳವೋ ಕಲಿತರೂ ಮನೆಯ ಸತ್ಯವೇದದ ಕನ್ನಡ ಅಕ್ಷರ ಅವರಿಗೆ ಮರೆತುಹೋಗದೆ ಉಳಿಯುವದು ಇದರಿಂದಲೇ. ತಂದೆಯು ಪ್ರಾರ್ಥಿಸಲಿ. ತಂದೆಯು ಕುಡಿದು ಬಂದ ದಿನ ತಾಯಿ ಪ್ರಾರ್ಥಿಸಲಿ. ಆ ದಿನ ನಿಲ್ಲಿಸಬಾರದು.

ಇನ್ನೊಂದು ಮಾತನ್ನು ಗಮನಿಸಿರಿ. ಈ ಬಿನ್ನಹದಲ್ಲಿ ನನ್ನ ಆಹಾರ ಎಂದಿಲ್ಲ, ನಮ್ಮ ಆಹಾರ ಎಂಬ ಅರ್ಥವಿದೆ. ಒಂದೇ ಗೋಡೆಗೆ ಆತು ಹತ್ತು ಮನೆಗಳಿರುವ ಲೈನಿನಲ್ಲಿ ಇದರ ಅರ್ಥ ದೊಡ್ಡದು. ನಮ್ಮ ಒಲೆ ಉರಿಯುವಾಗ ಪಕ್ಕದ ಮನೆಯ ಒಲೆ ಉರಿಯುತ್ತಿದೆಯೇ? ಅಂಗಡಿಯ ಪಟ್ಟಿ ಬೆಳೆದು, ಸಾಲದ ಕಂತು ಕಟ್ಟಲಾಗದೆ ಬಾಗಿಲು ಮುಚ್ಚಿಕೊಂಡು ಕುಳಿತಿರುವ ಅಕ್ಕನಿದ್ದಾಳೆಯೇ? ಅವರು ಸಭೆಯವರೇ ಆಗಿರಬೇಕೆಂದಿಲ್ಲ. ನಮ್ಮ ಕೂಟದಲ್ಲಿ ಪ್ರತಿ ಮನೆಯವರು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುವ ಪದ್ಧತಿಯುಂಟು. ಕೈ ಆ ಡಬ್ಬಿಗೆ ಹೋಗುವಾಗ ಬಾಯಲ್ಲಿ ಪಕ್ಕದ ಮನೆಯವರ ಹೆಸರಿರಲಿ. ಹೆಸರಿಲ್ಲದ ಹಿಡಿಯಕ್ಕಿ ಬರೀ ವಂತಿಗೆಯಾದೀತು.

ದೇವರಲ್ಲಿ ಭರವಸವಿಡುವವರು ಕೂಲಿಯ ವಿಷಯ ಮಾತಾಡಬಾರದು, ಸುಮ್ಮನೆ ಸಹಿಸಿಕೊಳ್ಳಬೇಕು ಎಂದು ಕೆಲವರು ನಮಗೆ ಬುದ್ಧಿ ಹೇಳುತ್ತಾರೆ. ಸತ್ಯವೇದದಲ್ಲಿ ಹಾಗಿಲ್ಲ. ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಐಶ್ವರ್ಯವಂತರನ್ನು ಎಚ್ಚರಿಸಿದ್ದಾನೆ. ಬೇಸರಗೊಳ್ಳದೆ ಪ್ರಾರ್ಥಿಸುವದಕ್ಕೆ ಕರ್ತನು ಕೊಟ್ಟ ದೃಷ್ಟಾಂತವಾದರೂ ಯಾವದು? ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದ ಒಬ್ಬ ವಿಧವೆಯದು. ದ್ರಾಕ್ಷೇತೋಟದ ಯಜಮಾನನ ಸಾಮ್ಯದಲ್ಲಿಯೂ ಸಂಜೆ ಐದು ಗಂಟೆಗೆ ಬಂದವನು ಮನೆಗೆ ಒಯ್ದದ್ದು ಪೂರ್ತಿ ದಿನದ ಕೂಲಿಯನ್ನೇ. ಅವನ ಮಕ್ಕಳಿಗೂ ದಿನದ ಹಸಿವುಂಟೆಂದು ಆ ಯಜಮಾನನು ಬಲ್ಲನು. 1951ರಲ್ಲಿ ತೋಟದ ಕಾರ್ಮಿಕರ ಕಾಯಿದೆ ಬಂದು, ಮನೆ, ಕುಡಿಯುವ ನೀರು, ಔಷಧೋಪಚಾರ, ಕೂಸುಗಳ ಕೋಣೆ ಇವು ಕೆಲಸಗಾರರ ಹಕ್ಕುಗಳೆಂದು ಬರೆಯಲ್ಪಟ್ಟವು. ಅವು ಸುಮ್ಮನೆ ಕುಳಿತವರಿಗೆ ಬಂದವುಗಳಲ್ಲ. ಕೆಲಸ ಮುಗಿದ ದಿನ ಲೈನಿನ ಮನೆಯನ್ನೂ ಬಿಡಬೇಕಾದ ಮುದುಕರಿಗಾಗಿ, ಕೈಗೆ ಬಾರದ ಗ್ರ್ಯಾಚುಯಿಟಿಗಾಗಿ ನಾವು ಮೊದಲು ಮೊಣಕಾಲೂರೋಣ. ಆಮೇಲೆ ಎದ್ದು ಹೋಗಿ ಕೇಳೋಣ. ಪ್ರಾರ್ಥಿಸಿ ಹೋದವನ ನಾಲಿಗೆಯಲ್ಲಿ ಬೈಗುಳ ಕಡಿಮೆ, ಕಾಲಿನಲ್ಲಿ ನಡುಕವೂ ಕಡಿಮೆ.

ಪ್ರಿಯರೇ, ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ ಒಂದುಂಟು. ಪ್ರಾರ್ಥಿಸಿದ ಮೇಲೂ ಕೇಡು ಬಂದರೆ? 2024ನೆಯ ಇಸವಿ ಜುಲೈ 30ರ ನಡುರಾತ್ರಿಯ ಮೇಲೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದು ಬಂತು. ಇನ್ನೂರಕ್ಕಿಂತ ಹೆಚ್ಚು ಜನರು ಸತ್ತರು. ಅವರಲ್ಲಿ ನಮ್ಮ ಹಾಗೆಯೇ ಎಲೆ ಕಿತ್ತು ಪಾಡಿಯಲ್ಲಿ ಮಲಗಿದವರಿದ್ದರು. ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದರು. ಆ ರಾತ್ರಿ ಪ್ರಾರ್ಥನೆ ಮಾಡಿ ಮಲಗಿದವರು ಅವರಲ್ಲಿ ಇರಲಿಲ್ಲವೇ? ಅವರ ನಂಬಿಕೆ ಕಡಿಮೆಯಾಗಿತ್ತೆಂದು ಹೇಳುವ ಬಾಯಿ ನಮಗಿರಬಾರದು. ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ, ಅವರು ಮಿಕ್ಕವರಿಗಿಂತ ಪಾಪಿಗಳೆಂದು ನೆನಸಬೇಡಿರೆಂದು ಕರ್ತನೇ ತಡೆದನು. ಉಳಿದಿರುವ ನೀವು ದೇವರ ಕಡೆಗೆ ತಿರುಗಿಕೊಳ್ಳಿರಿ ಎಂದನು. ಮಣ್ಣಿನಡಿಯಲ್ಲಿದ್ದವರನ್ನು ಹುಡುಕಿದ ಕೈಗಳು, ದಿಕ್ಕಿಲ್ಲದವರಿಗೆ ಗಂಜಿ ಬಡಿಸಿದ ಕೈಗಳು ಯಾವ ಮತದವೆಂದು ಆ ದಿನ ಯಾರೂ ಕೇಳಲಿಲ್ಲ. ಪೌಲನು ತನ್ನ ಶರೀರದ ಶೂಲವನ್ನು ತೆಗೆಯೆಂದು ಮೂರಾವರ್ತಿ ಬೇಡಿದನು. ಶೂಲ ಹೋಗಲಿಲ್ಲ, ತಾಳುವ ಕೃಪೆ ಬಂತು. ಗೆತ್ಸೇಮನೆ ತೋಟದಲ್ಲಿ ದೇವಕುಮಾರನೇ ಪಾತ್ರೆಯನ್ನು ತೊಲಗಿಸೆಂದು ಬೆವರು ಸುರಿಸಿ ಬೇಡಿದನು. ಆದರೂ ಶಿಲುಬೆ ತಪ್ಪಲಿಲ್ಲ. ಆದುದರಿಂದ ಕೇಡೇ ಬಾರದೆಂಬುದು ನಮ್ಮ ಭರವಸವಲ್ಲ. ಕೇಡಿನಲ್ಲಿಯೂ ತಂದೆಯು ನಮ್ಮನ್ನು ಕೈಬಿಡನು ಎಂಬುದೇ ನಮ್ಮ ಭರವಸ.

ನಾವು ದಿನವೂ ಮುಟ್ಟುವ ಚಹದ ಗಿಡವೇ ಇದನ್ನು ಕಲಿಸುತ್ತದೆ. ನಾಲ್ಕೈದು ವರ್ಷಗಳಿಗೊಮ್ಮೆ ಅದಕ್ಕೆ ಕವಾತು ಬೀಳುತ್ತದೆ. ಆಗ ಒಂದು ಎಲೆಯೂ ಉಳಿಯದೆ ಬರೀ ಕಡ್ಡಿ ನಿಲ್ಲುತ್ತದೆ, ನೋಡಿದವರು ಸತ್ತುಹೋಯಿತೆನ್ನಬೇಕು. ಆದರೆ ಬೇರಿನಲ್ಲಿ ಅದು ಮೊದಲೇ ಕೂಡಿಸಿಟ್ಟ ಹಿಟ್ಟಿನಂಶವಿದೆ. ಆ ಬಲದಿಂದಲೇ ಹೊಸ ಚಿಗುರು ಬರುತ್ತದೆ. ಅದಕ್ಕಾಗಿಯೇ ಕವಾತಿಗೆ ಮೊದಲು ಬೇರನ್ನು ಕತ್ತರಿಸಿ ಅಯೋಡಿನ್ ಹಚ್ಚಿ ನೋಡುವದುಂಟು. ಕಪ್ಪು ನೀಲಿಯಾದರೆ ಬಲವಿದೆ ಎಂದರ್ಥ. ಬೇರು ಬರಿದಾಗಿದ್ದರೆ ಕವಾತಿನ ಕತ್ತಿಗೆ ಗಿಡ ಸಾಯುವದೂ ಉಂಟು. ಎಲೆಯಿರುವ ದಿನಗಳಲ್ಲಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಇಳಿದದ್ದೇ ಕತ್ತಿ ಬಿದ್ದ ದಿನ ಕಾಯುತ್ತದೆ. ಯಾವ ವಿಶೇಷವೂ ಇಲ್ಲದ ಸಾಧಾರಣ ದಿನಗಳ ಪ್ರಾರ್ಥನೆ ಹೀಗೆಯೇ ನಮ್ಮ ಬೇರಿಗೆ ಇಳಿಯುತ್ತದೆ.

ಕಾಯುವದನ್ನು ನಮ್ಮ ಹಿರಿಯರೂ ಬಲ್ಲರು. ಬಾಸೆಲ್ ಮಿಶನಿನವರು 1846ರಲ್ಲಿ ನೀಲಗಿರಿಯ ಕೇತಿಯಲ್ಲಿ ಕೆಲಸಕ್ಕೆ ಕೈಹಾಕಿದರು. ಬಡಗರೊಳಗಿಂದ ಮೊದಲನೆಯವನು ದೀಕ್ಷಾಸ್ನಾನ ಹೊಂದಿದ್ದು 1858ರಲ್ಲಿ. ನಡುವಿನ 12 ವರ್ಷಗಳ ಪ್ರಾರ್ಥನೆಗಳನ್ನು ಎಣಿಸಿದವರು ಯಾರು? ನಮ್ಮ ಮಗನು ಕುಡಿಯುವದನ್ನು ಬಿಡಲೆಂದು, ಮಗಳ ಮನೆ ನೆಟ್ಟಗಾಗಲೆಂದು ನಾವು ಒಂದು ತಿಂಗಳು ಪ್ರಾರ್ಥಿಸಿ ಬೇಸರಗೊಳ್ಳದಿರೋಣ.

ಪ್ರಿಯರೇ, ಈ ರಾತ್ರಿಯಿಂದಲೇ ಆರಂಭಿಸೋಣ. ಒಂದು ದಿನ ತಪ್ಪಿದರೆ ಮಾರನೆಯ ದಿನ ಮತ್ತೆ ಕುಳಿತುಕೊಳ್ಳೋಣ. ಈಗ ತಲೆಬಾಗೋಣ.

ಪರಲೋಕದ ತಂದೆಯೇ, ಈ ದಿನಕ್ಕೆ ಬೇಕಾದದ್ದನ್ನು ನಮಗೂ ನಮ್ಮ ಲೈನಿನವರೆಲ್ಲರಿಗೂ ದಯಪಾಲಿಸು. ಮಳೆಯಲ್ಲಿ, ಕತ್ತಲಲ್ಲಿ, ಕಾಡಿನ ದಾರಿಯಲ್ಲಿ ನಮ್ಮ ಮಕ್ಕಳನ್ನು ಕಾಪಾಡು. ದುಡಿದವರಿಗೆ ಅವರ ಕೂಲಿ ಸಿಕ್ಕಲಿ. ಕಳಕೊಂಡವರ ಬಳಿ ನೀನೇ ಕುಳಿತಿರು. ನಾಳಿನ ದಿನವನ್ನು ನಿನ್ನ ಕೈಯಲ್ಲಿಟ್ಟು ನಿದ್ರಿಸುವ ನೆಮ್ಮದಿಯನ್ನು ನಮಗೆ ಕೊಡು. ಯೇಸು ಕ್ರಿಸ್ತನ ಮುಖಾಂತರ ಬೇಡುತ್ತೇವೆ. ಆಮೆನ್.