ತೆರಿಗೆಯ ಅಪೀಲಿನಲ್ಲಿ ವಿಚಾರಣೆ

ತೆರಿಗೆಯ ಭಾರವನ್ನು ಕುರಿತು ಮಾತನಾಡುವವರು ಬಹಳ ಮಂದಿ. ಅದನ್ನು ವಿಧಿಸಿದ ಆಜ್ಞೆಯನ್ನು ಪ್ರಶ್ನಿಸಿ ತಮ್ಮ ಮಾತನ್ನು ಹೇಳಿಕೊಳ್ಳುವ ಹಕ್ಕು ತಮಗುಂಟೆಂಬುದನ್ನು ನೆನೆಯುವವರು ವಿರಳ. ಆ ಹಕ್ಕು ನಡೆಯುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ನಿಪ್ಪಾಣಿ ತಾಲ್ಲೂಕಿನ ಬೋರಗಾಂವವು ಗಡಿಯ ಊರು. ಅದಕ್ಕೆ ಬೆಳಗಾವಿಗಿಂತ ಮಹಾರಾಷ್ಟ್ರದ ಇಚಲಕರಂಜಿಯ ಪೇಟೆಯೇ ಸಮೀಪ. ಅಲ್ಲಿ ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳೋಣ. ತನ್ನ ಸರಕು ಗಡಿ ದಾಟಿ ಗಿರಾಕಿಗೆ ಸಂದಿತೆಂದು ಅವನು ಅಂತರರಾಜ್ಯ ತೆರಿಗೆಯನ್ನು ಕಟ್ಟಿದ್ದಾನೆ. ಸರಕು ಊರಿನಲ್ಲಿಯೇ ಕೈಬದಲಾಯಿತೆಂದು ಹೇಳುವ ಅಧಿಕಾರಿ ರಾಜ್ಯದೊಳಗಣ ತೆರಿಗೆಯನ್ನು ಕೇಳುತ್ತಾನೆ. ಮೊದಲು ಕಟ್ಟಿದ್ದು ಮರಳಿ ದೊರೆಯುವುದೇನೋ ಸರಿ; ಆದರೆ ಅದು ಬರುವತನಕ ಬಂಡವಾಳ ಎರಡು ಕಡೆ ಸಿಕ್ಕಿಕೊಳ್ಳುವುದು. ಸಣ್ಣ ಅಂಗಡಿಗೆ ಇದು ಉಳಿವಿನ ಪ್ರಶ್ನೆ.

2017ರ ಕರ್ನಾಟಕ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 107ನೆಯ ಪ್ರಕರಣದಂತೆ, ಆಜ್ಞೆ ಕೈಸೇರಿದ 3 ತಿಂಗಳೊಳಗೆ ಅಪೀಲು ಮಾಡತಕ್ಕದ್ದು. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು; ಆಮೇಲೆ ಬಾಗಿಲು ಮುಚ್ಚಿತು. ಒಪ್ಪಿಕೊಂಡ ಮೊತ್ತವನ್ನೆಲ್ಲ ಸಲ್ಲಿಸಿ, ವಿವಾದದಲ್ಲಿರುವ ತೆರಿಗೆಯ ನೂರಕ್ಕೆ 10ರಷ್ಟನ್ನು ಮುಂಗಡವಾಗಿ ಕಟ್ಟಬೇಕು. ಕಟ್ಟಿದರೆ ಉಳಿದುದರ ವಸೂಲಿ ನಿಲ್ಲುವುದು.

ವಿಚಾರಣೆ ನಡೆಯುವುದು ಕಚೇರಿಯ ಕೊಠಡಿಯಲ್ಲಿ. ಕಟಕಟೆಯೂ ಇಲ್ಲ, ಕೂಗಿ ಕರೆಯುವ ಜವಾನನೂ ಬೇಕಿಲ್ಲ. ವರ್ತಕನು ತಾನೇ ಹೋಗಬಹುದು. ಬಂಧುವನ್ನೋ ಸಂಬಳದ ಗುಮಾಸ್ತೆಯನ್ನೋ ವಕೀಲರನ್ನೋ ಲೆಕ್ಕಪರಿಶೋಧಕರನ್ನೋ ಅಧಿಕೃತವಾಗಿ ಕಳುಹಿಸಲೂಬಹುದು. ಕಾರಣ ಬರೆದಿಟ್ಟು ವಾಯಿದೆ ಕೊಡುವುದುಂಟು, ಆದರೆ ಒಬ್ಬ ಪಕ್ಷಗಾರನಿಗೆ 3 ಸಲಕ್ಕೆ ಮೀರಿ ಇಲ್ಲ. ಕಾಗದಪತ್ರ ಹುಡುಕುವುದರಲ್ಲಿಯೇ ಆ ಮೂರನ್ನೂ ಕಳೆದುಕೊಳ್ಳುವುದು ಜಾಣತನವೆಂದು ನಮಗೆ ತೋರುವುದಿಲ್ಲ. ಅಪೀಲಿನಲ್ಲಿ ಬಿಟ್ಟುಹೋದ ಆಧಾರವನ್ನು, ಬೇಕೆಂದೇ ಬಿಟ್ಟುದಲ್ಲವೆಂದು ಮನಗಂಡರೆ ಎತ್ತಿಕೊಳ್ಳಗೊಡುವರು. ಹೊಸ ಸಾಕ್ಷ್ಯಕ್ಕೆ ಅಷ್ಟು ಸುಲಭವಾಗಿ ಎಡೆಯಿಲ್ಲ. ಕೆಳಗಿನ ಅಧಿಕಾರಿ ಅದನ್ನು ಸ್ವೀಕರಿಸಲಿಲ್ಲವೆಂದೋ ಅದನ್ನು ಹಾಜರುಪಡಿಸಲು ತಕ್ಕ ಅಡ್ಡಿಯಿತ್ತೆಂದೋ ತೋರಿಸಬೇಕಾಗುವುದು. ಆದುದರಿಂದ ಲಾರಿಯ ರಸೀತಿ, ಸಾಗಣೆಯ ಪರವಾನೆ, ಇಚಲಕರಂಜಿಯ ಗಿರಾಕಿಯ ದಾಸ್ತಾನು ಪುಸ್ತಕದ ನಕಲು ಇವುಗಳು ನೋಟೀಸು ಬಂದ ದಿನದಿಂದಲೇ ಕೂಡಿಬರಬೇಕು. ಸರಕಿನ ಪಯಣ ಎಲ್ಲಿ ಮುಗಿಯಿತೆಂಬುದೇ ಇಲ್ಲಿ ಮುಖ್ಯ ಪ್ರಶ್ನೆಯಷ್ಟೆ!

ಅಪೀಲು ಅಧಿಕಾರಿಯು ಆಜ್ಞೆಯನ್ನು ಸ್ಥಿರಪಡಿಸಬಹುದು, ಮಾರ್ಪಡಿಸಬಹುದು, ರದ್ದುಮಾಡಬಹುದು. ಮರುವಿಚಾರಣೆಗೆಂದು ಕೆಳಕ್ಕೆ ಹಿಂತಿರುಗಿಸುವಂತಿಲ್ಲ. ತೆರಿಗೆಯನ್ನು ಹೆಚ್ಚಿಸುವುದಾದರೆ ಮೊದಲು ನೋಟೀಸು ಕೊಡಬೇಕು. ತೀರ್ಪಿನಲ್ಲಿ ವಿವಾದಾಂಶವೂ ಕಾರಣವೂ ಬರೆದಿರಬೇಕು.

ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ಎರಡನೆಯ ಮೆಟ್ಟಿಲು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣವಾಗಿತ್ತು. ಹೊಸ ತೆರಿಗೆ 2017ರ ಜುಲೈ 1ರಂದು ಬಂದರೂ ಅದರ ನ್ಯಾಯಾಧಿಕರಣಕ್ಕೆ ದೆಹಲಿಯಲ್ಲಿ ಚಾಲನೆ ದೊರೆತುದು 2025ರ ಸೆಪ್ಟೆಂಬರಿನಲ್ಲಿ. ಎಂಟು ವರ್ಷ ಆ ಮೆಟ್ಟಿಲಿಲ್ಲದೆ ಜನರು ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗಬೇಕಾಯಿತು. ಇದು ಸಣ್ಣ ಅನ್ಯಾಯವಲ್ಲ. ನ್ಯಾಯಾಧಿಕರಣದಲ್ಲಿ ಸಂಗತಿಗಳ ವಿಮರ್ಶೆ ಉಂಟು. ಅದರ ರಾಜ್ಯ ಪೀಠದ ತೀರ್ಪಿನ ಮೇಲೆ ಹೈಕೋರ್ಟಿನಲ್ಲಿ, ಬೆಳಗಾವಿ ಸೀಮೆಯವರಿಗೆ ಧಾರವಾಡದ ಪೀಠದಲ್ಲಿ, ಕೇಳುವುದು ಕಾನೂನಿನ ಮಹತ್ವದ ಪ್ರಶ್ನೆಯನ್ನು ಮಾತ್ರ; ಲಾರಿಯ ರಸೀತಿಯನ್ನು ಅಲ್ಲಿ ಮೊದಲ ಬಾರಿಗೆ ತೆಗೆದು ತೋರಿಸಿ ಫಲವಿಲ್ಲ.