ಜಿಲ್ಲೆಯ ಶಾಲೆಗಳೂ ಸರ್ಕಾರದ ಹಣವೂ



"ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೇನು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕೇಳಿ ನಕ್ಕೂ ಇದ್ದೇವೆ. ಆದರೆ ಬಡಿಸುವವನು ನಮ್ಮವನಲ್ಲದೆ, ನಾವು ಪಂಕ್ತಿಯ ಕೊನೆಯಲ್ಲಿಯೇ ಕುಳಿತಿದ್ದರೆ ನಮ್ಮ ಎಲೆಯ ಗತಿಯೇನು? ಗಾದೆ ಅದನ್ನು ಹೇಳುವುದಿಲ್ಲ. ವಿಸ್ತಾರವಾದ ಜಿಲ್ಲೆಯೊಂದರ ಶಾಲೆಗಳಿಗೆ ಸರ್ಕಾರದ ಹಣವನ್ನು ಹಂಚುವಾಗ ಏಳುವ ಪ್ರಶ್ನೆಯೂ ಇದೇ. ಬಾಗಲಕೋಟೆ ಜಿಲ್ಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಹೊತ್ತು ಇದನ್ನು ವಿಚಾರಮಾಡೋಣ.

ಈ ಜಿಲ್ಲೆ 1997ರಲ್ಲಿ ವಿಜಾಪುರದಿಂದ ಬೇರೆಯಾದದ್ದು. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 19 ಲಕ್ಷ. ಹೆಸರು ಒಂದೇ ಆದರೂ ಒಳಗಿನ ಸ್ಥಿತಿಗತಿಗಳು ಒಂದೇ ಅಲ್ಲ. ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವೂ ಸುತ್ತಣ ಹಲವು ಹಳ್ಳಿಗಳೂ ಆಲಮಟ್ಟಿಯ ಹಿನ್ನೀರಿಗೆ ಎಡೆಗೊಟ್ಟವು. ಜನರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋಗಿ ನೆಲೆಸಬೇಕಾಯಿತು. ಬಾದಾಮಿಯ ಕಡೆ ಮಲಪ್ರಭೆ 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಉಕ್ಕಿ ಹರಿಯಿತು. ಎರಡನೆಯ ಸಲ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತು. ಹುನಗುಂದ, ಬಾದಾಮಿಗಳ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಕೂಲಿಗೆ ಹೋಗುವುದುಂಟು. ಇಳಕಲ್ಲಿನಲ್ಲಿ ಸೀರೆಯ ಮಗ್ಗವುಂಟು, ಕೆಂಪು ಕಲ್ಲಿನ ಗಣಿಯುಂಟು. ಮನೆಯ ದುಡಿಮೆಗೆ ಮಕ್ಕಳ ಕೈ ಬೇಕಾಗುವ ಸಂದರ್ಭವೂ ಉಂಟು. ಇಷ್ಟು ಬಗೆಯ ಮಕ್ಕಳಿಗೆ ಒಂದೇ ಅಳತೆಗೋಲಿನಿಂದ ಹಣವನ್ನು ಅಳೆದುಕೊಡುವುದು ಹೇಗೆ?

ಈಗ ಇರುವ ಅಳತೆಯನ್ನು ಮೊದಲು ನೋಡೋಣ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರವು 60 ಪಾಲನ್ನೂ ನಮ್ಮ ರಾಜ್ಯವು 40 ಪಾಲನ್ನೂ ಹಾಕುತ್ತವೆ. ಶಾಲೆಯ ವಾರ್ಷಿಕ ಅನುದಾನ ಮಕ್ಕಳ ಸಂಖ್ಯೆಯನ್ನು ಅನುಸರಿಸಿದೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಸೀಮೆಸುಣ್ಣ, ವಿದ್ಯುತ್ತು, ಚಿಕ್ಕಪುಟ್ಟ ದುರಸ್ತಿ, ಶೌಚಾಲಯದ ನಿರ್ಮಲತೆ ಎಲ್ಲವೂ ಇದರಲ್ಲಿಯೇ ಆಗಬೇಕು. 30 ಮಕ್ಕಳ ಶಾಲೆಯಲ್ಲಿ ತಲೆಗೆ 333 ರೂಪಾಯಿ ಬಿದ್ದರೆ 1,000 ಮಕ್ಕಳ ಶಾಲೆಯಲ್ಲಿ 75 ರೂಪಾಯಿ ಬೀಳುತ್ತದೆ. ಇದನ್ನು ಕಂಡು, ಸಣ್ಣ ಶಾಲೆಗೇ ಹೆಚ್ಚು ದೊರೆಯುತ್ತಿದೆಯಲ್ಲ, ಇನ್ನೇನು ಅನ್ಯಾಯ ಎಂದು ಯಾರಾದರೂ ಕೇಳಬಹುದು. ಆದರೆ ಮಾಡು ಸೋರಿದರೆ ಅದನ್ನು ಕಟ್ಟಿಸುವ ಖರ್ಚು ಮಕ್ಕಳ ತಲೆಯನ್ನು ಎಣಿಸಿ ಕಡಮೆಯಾಗುವುದಿಲ್ಲ. ಹತ್ತು ಸಾವಿರದಲ್ಲಿ ಹೊಳೆಯ ದಂಡೆಯ ಶಾಲೆ ಏನನ್ನು ಮಾಡಿಸೀತು?

ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೆ ಇದೆ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಅದೊಂದೇ. ಶಾಲೆಗಾಗಿ ವೆಚ್ಚವಾಗುವ ಹಣದ ಬಹುಪಾಲು ಅನುದಾನದ ಕಾಗದದಲ್ಲಿ ಕಾಣಿಸುವುದೇ ಇಲ್ಲ. ಅದು ಉಪಾಧ್ಯಾಯರ ಸಂಬಳದ ರೂಪದಲ್ಲಿ ಹರಿಯುತ್ತದೆ. ಪಟ್ಟಣದ ಶಾಲೆಯಲ್ಲಿ ಇಪ್ಪತ್ತು ವರ್ಷ ಸೇವೆಮಾಡಿದ ಐವರು ಉಪಾಧ್ಯಾಯರಿದ್ದಾರೆನ್ನೋಣ. ದೂರದ ಹಳ್ಳಿಯ ಶಾಲೆಯಲ್ಲಿ ಹುದ್ದೆಗಳು ಬರಿದಾಗಿದ್ದು, ಅಲ್ಪ ಗೌರವಧನದ ಅತಿಥಿ ಶಿಕ್ಷಕರಿಂದ ಪಾಠ ನಡೆಯುತ್ತಿದೆಯೆನ್ನೋಣ. ಯಾವ ಆಜ್ಞೆಯೂ ಹೊರಡದೆ, ಯಾರ ಮನಸ್ಸಿನಲ್ಲಿಯೂ ಪಕ್ಷಪಾತವಿಲ್ಲದೆ, ಸರ್ಕಾರದ ಹಣ ಹಳ್ಳಿಯ ಮಗುವನ್ನು ಬಿಟ್ಟು ಪಟ್ಟಣದ ಮಗುವಿನ ಕಡೆಗೆ ಹರಿದುಹೋಯಿತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡು ಶಾಲೆಗಳೂ ಸಮಾನ. ಹೀಗೆಂದು ಉಪಾಧ್ಯಾಯರನ್ನು ದೂರುವುದು ಸಲ್ಲದು. ಬಾಡಿಗೆಯ ಮನೆ, ಆಸ್ಪತ್ರೆ, ತಮ್ಮ ಮಕ್ಕಳ ಕಾಲೇಜು ಇರುವ ಕಡೆಗೆ ಅವರ ಮನಸ್ಸು ಎಳೆಯುವುದು ಸಹಜವೇ.

2009ರ ಶಿಕ್ಷಣ ಹಕ್ಕಿನ ಕಾಯಿದೆ ಇದನ್ನು ಮೊದಲೇ ಊಹಿಸಿದಂತಿದೆ. 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು, 90ರವರೆಗೆ ಮೂವರು ಉಪಾಧ್ಯಾಯರಿರಬೇಕೆಂದು ಅದು ವಿಧಿಸಿದೆ. ಈ ಪ್ರಮಾಣ ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕು. ಖಾಲಿ ಹುದ್ದೆಗಳು ನೂರಕ್ಕೆ ಹತ್ತನ್ನು ಮೀರಕೂಡದು. "ಪ್ರತಿಯೊಂದು ಶಾಲೆ" ಎಂಬ ಮಾತನ್ನು ಗಮನಿಸಬೇಕು. ಜಿಲ್ಲೆಯ ಸರಾಸರಿ ಚೆನ್ನಾಗಿದೆಯೆಂದು ತೋರಿಸಿ ತೃಪ್ತಿಪಡುವುದಕ್ಕೆ ಕಾಯಿದೆ ಎಡೆಗೊಡುವುದಿಲ್ಲ. ಇಬ್ಬರಿರಬೇಕಾದ ಕಡೆ ಒಬ್ಬರು ಇಲ್ಲವೆಂದರೆ ಆ ಊರಿನ ಪಾಲಿಗೆ ಅರ್ಧ ಶಾಲೆಯೇ ಇಲ್ಲ.

ಗಡಿಯ ಮಾತೂ ಒಂದಿದೆ. ಇಳಕಲ್ಲಿನಿಂದ ಸ್ವಲ್ಪ ದೂರ ದಕ್ಷಿಣಕ್ಕೆ ಹೋದರೆ ಕುಷ್ಟಗಿ ತಾಲೂಕು. ಅದು ಹಿಂದೆ ನಿಜಾಮರ ಸೀಮೆ. ಇದು ಮುಂಬಯಿ ಪ್ರಾಂತ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ವಿಶೇಷ ನೆರವು ಅತ್ತ ಸಲ್ಲುತ್ತದೆ, ಇತ್ತ ಸಲ್ಲುವುದಿಲ್ಲ. ಅವರಿಗೆ ದೊರೆತದ್ದು ನ್ಯಾಯವೇ. ಅದರಲ್ಲಿ ನಮಗೆ ಅಸೂಯೆ ಬೇಡ. ಆದರೆ ಅದೇ ಎರೆಯ ಹೊಲ, ಅದೇ ಬರಗಾಲ, ಅದೇ ಮಾತು ಇರುವ ಎರಡು ಹಳ್ಳಿಗಳ ಮಕ್ಕಳನ್ನು ಹಳೆಯ ನಕಾಶೆಯ ಗೆರೆಯೊಂದು ಬೇರೆಮಾಡಿದೆ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳನ್ನು ಒಂದೊಂದಾಗಿ ತೂಗಿ 114 ಹಿಂದುಳಿದಿವೆಯೆಂದು ಹೇಳಿತಷ್ಟೆ. ತೂಗುವ ಆ ಕ್ರಮವನ್ನು ತಾಲೂಕಿನಿಂದ ಶಾಲೆಯವರೆಗೆ ಇಳಿಸುವುದೇ ಈಗ ಉಳಿದಿರುವ ಕೆಲಸ.

ಸಣ್ಣ ಶಾಲೆಗಳನ್ನು ಕೂಡಿಸಿ ಒಂದು ದೊಡ್ಡ ಶಾಲೆಯನ್ನು ಚೆನ್ನಾಗಿ ನಡೆಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಈ ವಾದ ತಳ್ಳಿಹಾಕತಕ್ಕದ್ದಲ್ಲ. ಐವರು ಮಕ್ಕಳ ನಡುವೆ ಒಂಟಿಯಾಗಿ ಕುಳಿತ ಮಗು ಕಲಿಯುವುದು ಕಡಮೆಯೇ. ಆದರೆ ಶಾಲೆ ಮೂರು ಮೈಲಿ ದೂರವಾದಾಗ ಅನೇಕ ಮನೆಗಳಲ್ಲಿ ಮೊದಲು ಉಳಿದುಬಿಡುವವಳು ಹೆಣ್ಣುಮಗಳು. ಬಂಡಿಯ ಏರ್ಪಾಡು ಗಟ್ಟಿಯಾಗದೆ ಬಾಗಿಲು ಮುಚ್ಚಿದರೆ, ಉಳಿಸಿದ ಹಣದ ಬೆಲೆಯನ್ನು ಆ ಹುಡುಗಿ ತೆತ್ತಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ಒಂದು, ಪ್ರತಿ ಶಾಲೆಗೂ ವರ್ಷಕ್ಕೆ ಸಂಬಳವೂ ಸೇರಿ ಮಗುವೊಂದಕ್ಕೆ ಎಷ್ಟು ವೆಚ್ಚವಾಯಿತೆಂದು ಲೆಕ್ಕಹಾಕಬೇಕು. ಎರಡು, ನೆರೆ, ವಲಸೆ, ಪುನರ್ವಸತಿ, ದಾರಿಯ ದೂರ ಇವುಗಳಿಗೆ ತೂಕಕೊಟ್ಟು, ಹೆಚ್ಚು ಕಷ್ಟವಿರುವ ಕಡೆಗೆ ಉಪಾಧ್ಯಾಯರನ್ನು ಮೊದಲು ಕಳುಹಿಸಬೇಕು. ಅಲ್ಲಿ ನಿಲ್ಲುವವರಿಗೆ ವಸತಿ ಸೌಕರ್ಯ ಒದಗಿಸಬೇಕು. ಮೂರು, ಆ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆಯೇ ಬರೆಯಿಸಬೇಕು. 2001ರಿಂದ ಇರುವ ಶಾಲಾಭಿವೃದ್ಧಿ ಸಮಿತಿಯ ತಾಯಿತಂದೆಗಳು ಅದನ್ನು ಓದಿ, ನೆರೆಯೂರಿನದರೊಡನೆ ಹೋಲಿಸಿ, ಪ್ರಶ್ನಿಸುವಂತಾಗಬೇಕು.

ಇದು ಹೊಸ ಕಲ್ಪನೆಯೇನೂ ಅಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕವರ್ಷ 500ರ, ಎಂದರೆ ಕ್ರಿ. ಶ. 578ರ ಮಂಗಲೇಶನ ಶಾಸನವಿದೆ. ಯಾವ ಗ್ರಾಮವನ್ನು ದತ್ತಿಯಾಗಿ ಬಿಡಲಾಯಿತು, ಅದರಿಂದ ನಿತ್ಯ ಹದಿನಾರು ಮಂದಿಗೆ ಊಟ, ಉಳಿದದ್ದು ಪರಿವ್ರಾಜಕರಿಗೆ ಎಂಬ ವಿವರವನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸಿಟ್ಟಿದ್ದಾರೆ. ದಾನಮಾಡಿದ ಅರಸುಮನೆತನದವನು ಕೂಡ ಲೆಕ್ಕವನ್ನು ಬಯಲಿಗೆ ಇಟ್ಟ ನಾಡಿನಲ್ಲಿ, ಜನರ ಹಣವನ್ನು ಜನರ ಮಕ್ಕಳಿಗೆ ಹಂಚುವ ನಾವು ಅದನ್ನು ಕಡತದೊಳಗೆ ಇಟ್ಟುಕೊಳ್ಳುವುದು ತಕ್ಕುದಲ್ಲ.

ಬಡಿಸುವವನು ಯಾರವನಾದರೂ ಆಗಲಿ. ಪಂಕ್ತಿಯ ಕೊನೆಯ ಎಲೆಯನ್ನು ಅವನು ಮೊದಲು ನೋಡುವಂತಾಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.