ಕಾಲಿನ ಬಲದಿಂದ ಕಡಲ ಮೇಲೆ



ನಿಮ್ಮಲ್ಲಿ ಬಹುಮಂದಿ ಸೈಕಲ್ ತುಳಿಯುವವರು. ಅದೇ ತುಳಿತದಿಂದ ಸಮುದ್ರದ ಮೇಲೆ ಹಾರಬಹುದೆಂದರೆ ನಂಬುವಿರಾ? 1979ರ ಜೂನ್ 12ರಂದು ಅಮೆರಿಕದ ಸೈಕಲ್ ಪಟು ಬ್ರಯಾನ್ ಅಲೆನ್ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹಾಗೆಯೇ ಹಾರಿದರು.

ಅವರ ವಿಮಾನ 'ಗಾಸಮರ್ ಆಲ್ಬಟ್ರಾಸ್'. ರೂಪಿಸಿದವರು ಎಂಜಿನಿಯರ್ ಪಾಲ್ ಮೆಕ್‌ಕ್ರೆಡಿ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 30 ಮೀಟರ್. ಇಡೀ ವಿಮಾನದ ತೂಕವೋ, 32 ಕಿಲೋಗ್ರಾಂ ಮಾತ್ರ! ಕಾರ್ಬನ್ ನಾರಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಇಷ್ಟು ಹಗುರವೇಕೆ, ಇಷ್ಟು ಉದ್ದದ ರೆಕ್ಕೆಯೇಕೆ ಎಂದು ನೀವು ಕೇಳಬಹುದು. ಗಂಟೆಗಟ್ಟಲೆ ತುಳಿಯಬಲ್ಲ ಕಸುವುಳ್ಳ ಮನುಷ್ಯನಿಂದ ದೊರೆಯುವುದು ಅಶ್ವಶಕ್ತಿಯ ಸುಮಾರು ಮೂರನೇ ಒಂದು ಭಾಗ. ಅಷ್ಟರಲ್ಲೇ ಹಾರಬೇಕಾದರೆ ವೇಗ ಕಡಿಮೆಯಿರಬೇಕು. ಕಡಿಮೆ ವೇಗದಲ್ಲೂ ಬೀಳದಿರಲು ವಿಶಾಲವಾದ ರೆಕ್ಕೆ ಬೇಕು. ನೀರಿಗೆ ಸಮೀಪವಾಗಿ ಹಾರಿದರೆ ಗಾಳಿಯ ಎಳೆತವೂ ತಗ್ಗುತ್ತದೆ. ಆದ್ದರಿಂದಲೇ ಅಲೆನ್ ಅಲೆಗಳಿಗಿಂತ ಒಂದೆರಡು ಮೀಟರ್ ಮೇಲೆ ಸಾಗಿದರು.

ದಾಟಬೇಕಿದ್ದ ಇಂಗ್ಲಿಷ್ ಕಡಲ್ಗಾಲುವೆ ಸುಮಾರು 35 ಕಿಲೋಮೀಟರ್. ಎರಡು ಗಂಟೆ ಸಾಕೆಂದು ಲೆಕ್ಕಹಾಕಿ, ಅಷ್ಟಕ್ಕೇ ಕುಡಿಯುವ ನೀರು ಇಟ್ಟುಕೊಂಡಿದ್ದರು. ಆದರೆ ಎದುರುಗಾಳಿ ಬೀಸಿತು. ರೇಡಿಯೋ ಕೈಕೊಟ್ಟಿತು. ಇನ್ನಾಗದು, ಎಳೆದುಕೊಂಡು ಹೋಗಿ ಎಂದು ಜೊತೆಯಲ್ಲಿದ್ದ ದೋಣಿಯವರಿಗೆ ಅಲೆನ್ ಸನ್ನೆ ಮಾಡಿದರು. ದೋಣಿ ಕೆಳಗೆ ಬಂದು ಹಗ್ಗ ಸಿಕ್ಕಿಸಲೆಂದು ಸ್ವಲ್ಪ ಮೇಲಕ್ಕೇರಿದರು. ನೋಡಿ, ಅಲ್ಲಿ ಗಾಳಿ ಶಾಂತವಾಗಿತ್ತು! ಇನ್ನಷ್ಟು ತುಳಿದು ನೋಡೋಣವೆಂದು ಹಗ್ಗ ಬೇಡವೆಂದರು. ನೀರು ಮುಗಿಯಿತು, ಕಾಲು ಸೆಡೆತುಕೊಂಡಿತು; ಆದರೂ ತುಳಿತ ನಿಲ್ಲಲಿಲ್ಲ. ಹೊರಟ 2 ಗಂಟೆ 49 ನಿಮಿಷಗಳಿಗೆ ಫ್ರಾನ್ಸಿನ ಮರಳದಂಡೆಯಲ್ಲಿ ಇಳಿದರು. ಇದೇ ಕಡಲನ್ನು 1909ರಲ್ಲಿ ಎಂಜಿನ್ ಬಲದಿಂದ ಲೂಯಿ ಬ್ಲೆರಿಯೋ ಸುಮಾರು 37 ನಿಮಿಷಗಳಲ್ಲಿ ದಾಟಿದ್ದರು. ನನಗೇನೋ ನಿಧಾನದ ಹಾರಾಟವೇ ಹೆಚ್ಚು ಸೋಜಿಗವೆನಿಸುತ್ತದೆ. ಈ ಸಾಹಸಕ್ಕೆ ಒಂದು ಲಕ್ಷ ಪೌಂಡುಗಳ ಕ್ರೆಮರ್ ಬಹುಮಾನ ಸಂದಿತು.

ಮೆಕ್‌ಕ್ರೆಡಿ ಅಲ್ಲಿಗೇ ನಿಲ್ಲಲಿಲ್ಲ. 1981ರಲ್ಲಿ ಅವರ 'ಸೋಲಾರ್ ಚಾಲೆಂಜರ್' ಕೇವಲ ಬಿಸಿಲಿನ ಬಲದಿಂದ ಅದೇ ಕಾಲುವೆಯನ್ನು ದಾಟಿತು.

ಇನ್ನೊಂದು ಸಂಗತಿ. ಮೇಣದ ರೆಕ್ಕೆ ಕಟ್ಟಿಕೊಂಡು ಕ್ರೀಟ್ ದ್ವೀಪದಿಂದ ಹಾರಿಹೋದ ಡೀಡಲಸ್‌ನ ಕಥೆ ಗ್ರೀಕರ ಪುರಾಣದಲ್ಲಿದೆ. ಅವನ ಹೆಸರನ್ನೇ ಹೊತ್ತ ತುಳಿಯುವ ವಿಮಾನವೊಂದನ್ನು ಅಮೆರಿಕದ ಎಂಐಟಿಯವರು ಕಟ್ಟಿದರು. 1988ರ ಏಪ್ರಿಲ್ 23ರಂದು ಗ್ರೀಸಿನ ಸೈಕಲ್ ಪಟು ಕನೆಲೋಸ್ ಕನೆಲೋಪುಲೋಸ್ ಅದೇ ಕ್ರೀಟ್‌ನಿಂದ ಹೊರಟು 115 ಕಿಲೋಮೀಟರ್ ತುಳಿದರು. ಸ್ಯಾಂಟೊರಿನಿ ದ್ವೀಪದ ದಡ ಇನ್ನು ಕೆಲವೇ ಮೀಟರ್ ಇದ್ದಾಗ ಬಿರುಗಾಳಿ ಬಡಿದು ವಿಮಾನ ಮುರಿದು ಬಿತ್ತು. ಉಳಿದಷ್ಟು ದೂರವನ್ನು ಅವರು ಈಜಿ ದಡ ಸೇರಿದರು.